ಸುಮ್ಮನೆ ಮಲಗಿದ್ದಾಗ ಯಾರು ಮಾತಾಡಿಸಿದಿರಿ?

ಪ್ರಶ್ನೆ: ಡಾಕ್ಟ್ರಮ್ಮನವರಿಗೆ ನಮಸ್ಕಾರ. ನಮ್ಮದು ಸರಸ್ವತಿಪುರಂ. ಮನೆಯಲ್ಲಿ ನಾನು, ಯಜಮಾನರು, ಎಂಟನೇ ಕ್ಲಾಸಿನ ಮಗ ಮತ್ತು 74 ವರ್ಷದ ಅತ್ತೆ. ಜೊತೆಗೆ 11 ತಿಂಗಳ ಗಂಡು ಲ್ಯಾಬ್ರಡಾರ್ ಬ್ರೂನೊ. ಹೊರಗೆ ಪರವಾಗಿಲ್ಲ, ಮನೆಯೊಳಗೆ ಮಾತ್ರ ಅವನನ್ನು ತಡೆಯಲು ಆಗುತ್ತಿಲ್ಲ. ಬೆಲ್ ಆದರೆ ಸಾಕು, ಬಂದವರ ಎದೆಯ ಮೇಲೆ ಕಾಲಿಡುತ್ತಾನೆ. ಟವೆಲ್, ಕಾಲುಚೀಲ, ಅತ್ತೆಯ ಮಡಿಬಟ್ಟೆ ಯಾವುದನ್ನೂ ಬಿಡುವುದಿಲ್ಲ, ಕಚ್ಚಿಕೊಂಡು ಓಡುತ್ತಾನೆ. ಸಂಜೆ ಏಳರ ಹೊತ್ತಿಗೆ ಸೋಫಾ ಹತ್ತಿ ಇಳಿದು, ಊಟದ ಮೇಜಿನ ಸುತ್ತ ಹುಚ್ಚು ಹಿಡಿದ ಹಾಗೆ ಸುತ್ತುತ್ತಾನೆ. ಮಗ ದಿನಾ ಒಂದು ಗಂಟೆ ಮೈದಾನದಲ್ಲಿ ಚೆಂಡು ಎಸೆದು ಓಡಿಸಿಕೊಂಡು ಬಂದರೂ ಹೀಗೆ. ಹೋದ ವಾರ ಅತ್ತೆ ಕಾಫಿ ಲೋಟ ಹಿಡಿದು ಬರುವಾಗ ಗುದ್ದಿಬಿಟ್ಟ. ಗೋಡೆ ಆಸರೆಗೆ ಸಿಕ್ಕಿತು, ಇಲ್ಲದಿದ್ದರೆ ಸೊಂಟ ಮುರಿಯುತ್ತಿತ್ತು. ನೆಂಟರು ಬಂದರೆ ಕಾರ್ ಶೆಡ್ಡಿನಲ್ಲಿ ಕಟ್ಟುತ್ತೇವೆ, ಅವರು ಹೋಗುವ ತನಕ ಬೊಗಳುತ್ತಾನೆ. ‘ಒಂದ್ಸಲ ಸರಿಯಾಗಿ ಬಾರಿಸಿ, ಯಜಮಾನ ಯಾರು ಅಂತ ಗೊತ್ತಾಗಲಿ’ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಮಂಡ್ಯದ ಕಡೆ ಯಾರದಾದರೂ ತೋಟದ ಮನೆಗೆ ಕೊಟ್ಟುಬಿಡೋಣ ಎನ್ನುತ್ತಾರೆ ನಮ್ಮವರು. ಆ ಮಾತು ಬಂದ ದಿನ ಮಗ ಊಟ ಮಾಡಲಿಲ್ಲ. ಏನು ಮಾಡಲಿ?
– ಎಸ್., ಮೈಸೂರು

ಉತ್ತರ: ಕೊಡಬೇಡಿ ಅಮ್ಮ. ಇನ್ನೂ ಏನೂ ಕೆಟ್ಟಿಲ್ಲ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬ್ರೂನೊ ಹಾರಿದ್ದು, ಓಡಿದ್ದು, ಬೊಗಳಿದ್ದು, ಬಟ್ಟೆ ಎಳೆದದ್ದು ಎಲ್ಲ ಇದೆ. ಅವನು ಸುಮ್ಮನೆ ಮಲಗಿದ್ದ ಹೊತ್ತಿನ ಬಗ್ಗೆ ಒಂದು ಸಾಲೂ ಇಲ್ಲ. ದೊಡ್ಡ ನಾಯಿ ದಿನಕ್ಕೆ 12ರಿಂದ 14 ಗಂಟೆ ನಿದ್ದೆಯಲ್ಲೋ ಮಂಪರಿನಲ್ಲೋ ಇರುತ್ತದೆ, ಈ ವಯಸ್ಸಿನದು ಇನ್ನೂ ಜಾಸ್ತಿ. ಅಂದರೆ ಬ್ರೂನೊ ದಿನದ ಅರ್ಧ ಭಾಗ ಒಳ್ಳೆಯ ನಾಯಿಯಾಗಿಯೇ ಇದ್ದಾನೆ. ಆಗ ನೀವೆಲ್ಲ ‘ಸದ್ಯ, ಮಲಗಿದೆ, ಎಬ್ಬಿಸಬೇಡಿ’ ಎಂದು ತುದಿಗಾಲಲ್ಲಿ ದಾಟಿಹೋಗುತ್ತೀರಿ. ಹಾರಿದಾಗ ಮಾತ್ರ ನಾಲ್ಕು ಜನವೂ ಅವನ ಕಡೆ ತಿರುಗುತ್ತೀರಿ, ಹೆಸರು ಕೂಗುತ್ತೀರಿ, ಕೈಯಲ್ಲಿ ತಳ್ಳುತ್ತೀರಿ, ಟವೆಲ್ ಹಿಂದೆ ಓಡುತ್ತೀರಿ. ನಿಮಗೆ ಅದು ಗದರಿಕೆ, ಅವನಿಗೆ ಅದೇ ಇಡೀ ದಿನದ ಹಬ್ಬ. ಸುಮ್ಮನಿದ್ದರೆ ಈ ಮನೆಯಲ್ಲಿ ಏನೂ ಸಿಗುವುದಿಲ್ಲ ಎಂದು ಅವನು ಚೆನ್ನಾಗಿಯೇ ಕಲಿತಿದ್ದಾನೆ.

ಆದ್ದರಿಂದ ಇವತ್ತಿನಿಂದಲೇ ಒಂದು ಕೆಲಸ ಶುರುಮಾಡಿ. ಅಡುಗೆಮನೆಯಲ್ಲಿ, ಹಾಲಿನಲ್ಲಿ, ಅತ್ತೆಯ ಕೋಣೆಯ ಕಿಟಕಿಯ ಮೇಲೆ ಒಂದೊಂದು ಚಿಕ್ಕ ಡಬ್ಬಿ ಇಡಿ. ಮಡಿಬಟ್ಟೆಯ ಮಾತು ಬಂದದ್ದರಿಂದ ಮಾಂಸ ಒಳಗೆ ಬರುವುದಿಲ್ಲ ಎಂದುಕೊಂಡಿದ್ದೇನೆ. ಬೇಯಿಸಿದ ಗೆಣಸು, ಕ್ಯಾರೆಟ್, ಉಪ್ಪಿಲ್ಲದ ಪನೀರ್ ಸಾಕು, ಕಡಲೆಕಾಳಿನಷ್ಟು ದೊಡ್ಡ ಚೂರುಗಳು. ಅವನ ದಿನದ ಊಟದಲ್ಲಿ ಅಷ್ಟನ್ನು ಕಳೆಯಿರಿ, ಲ್ಯಾಬ್ರಡಾರ್ ಬಹಳ ಬೇಗ ದಪ್ಪವಾಗುವ ತಳಿ. ಒಣದ್ರಾಕ್ಷಿ ಮಾತ್ರ ಬೇಡ, ಅದು ನಾಯಿಯ ಮೂತ್ರಪಿಂಡಕ್ಕೆ ವಿಷ. ಈರುಳ್ಳಿ ಬಿದ್ದ ಪಲ್ಯ, ಹುಳಿಯೂ ಬೇಡ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಬ್ರೂನೊ ಸುಮ್ಮನೆ ಮಲಗಿದ್ದು ಕಂಡಾಗಲೆಲ್ಲ, ಯಾರು ಕಂಡರೋ ಅವರು, ಸದ್ದಿಲ್ಲದೆ ಹೋಗಿ ಒಂದು ಚೂರನ್ನು ಅವನ ಮುಂಗಾಲುಗಳ ನಡುವೆ ಇಟ್ಟು ಬನ್ನಿ. ‘ಗುಡ್ ಬಾಯ್’ ಎಂದು ಕುಣಿಸಬೇಡಿ. ತಟ್ಟಬೇಡಿ. ಇಟ್ಟು ಬರುವುದಷ್ಟೇ. ಮೊದಲ ಎರಡು ದಿನ ಎದ್ದು ನಿಮ್ಮ ಹಿಂದೆಯೇ ಬರುತ್ತಾನೆ, ಬರಲಿ, ಕೊಡಬೇಡಿ. ಮತ್ತೆ ಮಲಗಿದಾಗ ಮತ್ತೆ ಒಂದು ಚೂರು.

ಎರಡನೆಯದು ಜಮಖಾನದ ಪಾಠ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಅವಸರಪಟ್ಟು ಇಲ್ಲೇ ಕೆಡಿಸುತ್ತಾರೆ. ಹಳೆಯ ಜಮಖಾನವೊಂದನ್ನು ಅವನು ಕಾಲು ಚಾಚಿ ಮಲಗುವಷ್ಟು ಅಗಲಕ್ಕೆ ಮಡಿಸಿ. ಮಧ್ಯಾಹ್ನ ಮನೆ ಶಾಂತವಾಗಿರುವಾಗ ಅದನ್ನು ನೆಲಕ್ಕೆ ಹಾಸಿ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಏನೂ ಹೇಳಬೇಡಿ. ಮೂಸಿ ನೋಡಲು ಬಂದು ಒಂದು ಕಾಲಿಟ್ಟ ತಕ್ಷಣ ಒಂದು ಚೂರು ಜಮಖಾನದ ಮೇಲೆ ಬೀಳಲಿ. ತಕ್ಷಣ ಅಂದರೆ ಒಂದೆರಡು ಸೆಕೆಂಡಿನೊಳಗೆ, ತಡವಾದರೆ ಯಾವುದಕ್ಕೆ ಸಿಕ್ಕಿತು ಎಂದು ಅವನಿಗೆ ತಿಳಿಯದು. ನಾಲ್ಕೂ ಕಾಲಿಟ್ಟರೆ ಇನ್ನೊಂದು. ಕೂತರೆ ಇನ್ನೊಂದು. ಮಲಗಿದರೆ ಒಂದಾದ ಮೇಲೊಂದು ಮೂರು. ಆಮೇಲೆ ಅವನ ಸೊಂಟ ನೋಡಿ. ಹೊಟ್ಟೆಯೂರಿ ಹಿಂಗಾಲನ್ನು ಎರಡೂ ಕಡೆ ಸಮವಾಗಿ ಮಡಚಿಕೊಂಡಿದ್ದರೆ ಇನ್ನೂ ಏಳಲು ಸಿದ್ಧನಾಗಿಯೇ ಇದ್ದಾನೆ ಎಂದರ್ಥ. ಸ್ವಲ್ಪ ಹೊತ್ತಿಗೆ ಸೊಂಟವನ್ನು ಒಂದು ಪಕ್ಕಕ್ಕೆ ವಾಲಿಸುತ್ತಾನೆ, ಗದ್ದ ನೆಲಕ್ಕೆ ತಾಗುತ್ತದೆ, ಮೂಗಿನಿಂದ ಉದ್ದಕ್ಕೆ ಒಂದು ಉಸಿರು ಬರುತ್ತದೆ. ಆ ಉಸಿರಿಗಾಗಿಯೇ ಇಷ್ಟೆಲ್ಲ ಮಾಡುತ್ತಿರುವುದು. ಅದು ಬಂದಾಗ ಒಂದು ಚೂರನ್ನು ನಿಧಾನವಾಗಿ ಇಡಿ. ಮೂರು ನಿಮಿಷಕ್ಕೆ ಪಾಠ ಮುಗಿಸಿ, ಜಮಖಾನ ಮಡಿಸಿ ಎತ್ತಿಡಿ. ನೆಲದಲ್ಲೇ ಬಿಟ್ಟರೆ ಅದೂ ಒಂದು ಕಾಲೊರಸು ಆಗಿಬಿಡುತ್ತದೆ.

ದಿನಕ್ಕೆ ಎರಡು ಸಲ ಸಾಕು. ಒಂದು ವಾರದಲ್ಲಿ ಜಮಖಾನ ಬಿಚ್ಚುವ ಮೊದಲೇ ಬಂದು ನಿಲ್ಲುತ್ತಾನೆ. ಆಗ ಹಾಸುವಾಗ ಒಂದು ಮಾತು ಸೇರಿಸಿ. ‘ಚಾಪೆ’ ಅನ್ನಿ, ‘ಜಾಗ’ ಅನ್ನಿ, ಯಾವುದಾದರೂ ಒಂದೇ ಮಾತು, ನಾಲ್ಕು ಜನವೂ ಅದನ್ನೇ ಬಳಸಬೇಕು. ಸಾಮಾನ್ಯವಾಗಿ ಇಂಥ ಮನೆಗಳಲ್ಲಿ ಒಬ್ಬರು ‘ಡೌನ್’ ಎನ್ನುತ್ತಾರೆ, ಹುಡುಗರು ‘ಸಿಟ್’ ಎನ್ನುತ್ತಾರೆ, ಅಜ್ಜಿ ‘ಹೋಗೋ ಆಚೆ’ ಎನ್ನುತ್ತಾರೆ. ನಾಯಿ ಯಾರ ಮಾತನ್ನು ತಾನೇ ಕೇಳಬೇಕು? ನಂತರ ನೀವು ಎದ್ದು ನಿಲ್ಲಿ, ಒಂದು ಹೆಜ್ಜೆ ದೂರ ಹೋಗಿ ಬಂದು ಕೊಡಿ. ಆಮೇಲೆ ಅಡುಗೆಮನೆಯ ಬಾಗಿಲ ತನಕ, ಆಮೇಲೆ ಕುಕ್ಕರ್ ಕೂಗುವಾಗ, ಆಮೇಲೆ ನೀವೆಲ್ಲ ಊಟಕ್ಕೆ ಕೂತಾಗ. ಎದ್ದು ಬಂದರೆ ಬೈಯಬೇಡಿ, ನೀವೇ ಒಂದು ಮೆಟ್ಟಿಲು ಹಿಂದೆ ಹೋಗಿ.

ಬೆಲ್ಲಿನ ವಿಷಯಕ್ಕೆ ಬರೋಣ. ಮೈಸೂರಿನವರಾದ ನಿಮಗೆ ಇದನ್ನು ವಿವರಿಸುವುದು ಸುಲಭ. ದಸರೆಗೆ ಬರುವ ಆನೆಗಳನ್ನು ಜಂಬೂ ಸವಾರಿಯ ದಿನ ಏಕಾಏಕಿ 21 ಕುಶಾಲತೋಪಿನ ಸದ್ದಿಗೆ ನಿಲ್ಲಿಸುವುದಿಲ್ಲ. ಅದಕ್ಕೆ ಮೊದಲೇ ಆನೆ, ಕುದುರೆಗಳನ್ನು ನಿಲ್ಲಿಸಿ ಫಿರಂಗಿ ಹಾರಿಸಿ ತಾಲೀಮು ನಡೆಸುತ್ತಾರೆ. 750 ಕಿಲೋ ಅಂಬಾರಿಯನ್ನೂ ಮೊದಲ ದಿನವೇ ಹೊರಿಸುವುದಿಲ್ಲ, ಮರಳಿನ ಮೂಟೆ ಕಟ್ಟಿ ತೂಕವನ್ನು ದಿನದಿಂದ ದಿನಕ್ಕೆ ಏರಿಸುತ್ತಾರೆ. ಮಾವುತ ಪಕ್ಕದಲ್ಲೇ ಇರುತ್ತಾನೆ. ಬ್ರೂನೊಗೆ ನಿಮ್ಮ ಮನೆಯ ಬೆಲ್ಲೇ ಕುಶಾಲತೋಪು. ತಾಲೀಮಿಲ್ಲದೆ ಅವನನ್ನು ನೇರ ಮೆರವಣಿಗೆಗೆ ನಿಲ್ಲಿಸಿದ್ದೀರಿ. ಜೊತೆಗೆ ಬೆಲ್ ಆದರೆ ನೆಂಟರು, ನೆಂಟರು ಬಂದರೆ ಶೆಡ್ಡು ಎಂದೂ ಕಲಿಸಿದ್ದೀರಿ. ಬೊಗಳದೆ ಏನು ಮಾಡಿಯಾನು?

ಬೆಲ್ಲಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಅವನು ಜಮಖಾನದ ಮೇಲಿರುವಾಗ ಕಿವಿ ನಿಮಿರುವಷ್ಟು ಮಾತ್ರ, ಏಳದಷ್ಟು ಸಣ್ಣ ದನಿಯಲ್ಲಿ ಹಾಕಿ. ಸದ್ದು ಬಂತು, ಚೂರು ಬಿತ್ತು. ಸದ್ದು ಬಂತು, ಚೂರು ಬಿತ್ತು. ದಿನಕ್ಕೆ ಎಂಟು ಹತ್ತು ಸಲ ಮಾಡುತ್ತಾ ದನಿಯನ್ನು ಸ್ವಲ್ಪಸ್ವಲ್ಪವೇ ಏರಿಸಿ. ಆಮೇಲೆ ಮಗ ಹೊರಗೆ ಹೋಗಿ ನಿಜವಾದ ಬೆಲ್ ಒತ್ತಲಿ, ಒಳಗೆ ಬರುವುದು ಬೇಡ. ಆಮೇಲೆ ಒತ್ತಿ ಒಳಗೆ ಬರಲಿ. ಕೊನೆಗೆ, ಹೇಳಿದ ಮಾತು ಕೇಳುವ ಒಬ್ಬ ಸ್ನೇಹಿತೆಯನ್ನು ಕಾಫಿಗೆ ಕರೆಯಿರಿ. ಅವರು ಕಲ್ಲಿನಂತೆ ನಿಲ್ಲಬೇಕು. ಅವನ ಕಣ್ಣು ನೋಡಬಾರದು, ಮುಟ್ಟಬಾರದು. ಹಾರಿದರೆ ಮುಖ ತಿರುಗಿಸಬೇಕು. ನಾಲ್ಕೂ ಕಾಲು ನೆಲದಲ್ಲಿರುವಾಗ ಮಾತ್ರ ಚೂರು ಸಿಗಬೇಕು, ಅದೂ ನೆಲದಲ್ಲೇ. ಮೇಲಿಂದ ಕೊಟ್ಟರೆ ಮೂಗು ಮೇಲೆದ್ದು ಮುಂಗಾಲೂ ಹಿಂದೆಯೇ ಏಳುತ್ತದೆ. ಮೊಣಕಾಲಿನಿಂದ ಎದೆಗೆ ಗುದ್ದಿ ಎನ್ನುವವರಿದ್ದಾರೆ, ದಯವಿಟ್ಟು ಮಾಡಬೇಡಿ.

ಒಂದು ಎಚ್ಚರಿಕೆ. ಹಾರಿದಾಗ ಯಾರೂ ಲಕ್ಷ್ಯ ಕೊಡದಿದ್ದರೆ ನಾಲ್ಕೈದು ದಿನ ಅವನು ಮೊದಲಿಗಿಂತ ಜಾಸ್ತಿ ಹಾರುತ್ತಾನೆ. ಯಾವತ್ತೂ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದರೆ ನಾವೂ ಇನ್ನೂ ಜೋರಾಗಿ ತಟ್ಟುತ್ತೇವಲ್ಲ, ಹಾಗೆ. ಅದು ಪಾಠ ನಾಟುತ್ತಿರುವ ಗುರುತು. ಆ ದಿನಗಳಲ್ಲಿ ಮನೆಯ ಒಬ್ಬರು ಕರಗಿ ‘ಪಾಪ’ ಎಂದು ಎತ್ತಿ ಮುದ್ದಾಡಿದರೆ, ಇನ್ನಷ್ಟು ಹಾರಿದರೆ ಸಿಗುತ್ತದೆ ಎಂಬ ಪಾಠ ಕಲಿಸಿದಂತಾಗುತ್ತದೆ. ನಿಮ್ಮ ಮಗನನ್ನು ಕೂರಿಸಿಕೊಂಡು ಇದನ್ನು ಹೇಳಿ. ಹುಡುಗ ಅರ್ಥಮಾಡಿಕೊಳ್ಳುತ್ತಾನೆ, ನಾಯಿಗಾಗಿ ಊಟ ಬಿಟ್ಟವನು.

ಅತ್ತೆಯವರನ್ನು ಮಾತ್ರ ಈ ಪ್ರಯೋಗಕ್ಕೆ ಒಡ್ಡಲೇಬೇಡಿ. ಮೂವತ್ತು ಕಿಲೋದ ನಾಯಿ, 74ರ ಮೂಳೆ. ಎಳೆ ಮಕ್ಕಳಿರುವ ಮನೆಯಲ್ಲಿ ಬಾಗಿಲಿಗೆ ಅಡ್ಡ ಹಾಕುವ ಗೇಟು ಸಿಗುತ್ತದೆ, ಅದನ್ನು ಅಡುಗೆಮನೆಗೆ ಇಂದೇ ಹಾಕಿಸಿ. ಅತ್ತೆ ಓಡಾಡುವ ಹೊತ್ತಿಗೆ ಬ್ರೂನೊ ಗೇಟಿನಾಚೆ ಇರಲಿ, ಇಲ್ಲವೇ ಎದೆಪಟ್ಟಿಗೆ ಆರಡಿ ಹಗ್ಗ ಹಾಕಿ ಹಾಲಿನ ದಿವಾನದ ಕಾಲಿಗೆ ಕಟ್ಟಿ, ಪಕ್ಕದಲ್ಲಿ ನೀವು ಕೂತಿರಿ. ಕಟ್ಟಿ ಹೊರಟುಹೋಗುವುದು ಬೇರೆ, ಕಟ್ಟಿ ಜೊತೆಗೆ ಕೂರುವುದು ಬೇರೆ. ಮುಂದೆ ಒಂದು ದಿನ ಅತ್ತೆ ಕುರ್ಚಿಯಲ್ಲಿ ಕೂತೇ ಜಮಖಾನದ ಮೇಲಕ್ಕೆ ಚೂರು ಎಸೆಯಲಿ. ಇಬ್ಬರಿಗೂ ಆಗ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬರುತ್ತದೆ.

ಬಟ್ಟೆ ಕದಿಯುವುದು ಅವನ ರಕ್ತದಲ್ಲಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಜೊತೆ ಇದ್ದ ನಾಯಿಗಳು ಇವನ ಪೂರ್ವಿಕರು. ನೀರಿಗೆ ಬಿದ್ದ ಹಗ್ಗ, ಬಲೆಯಿಂದ ಜಾರಿದ ಮೀನು ಕಚ್ಚಿ ತರುವುದು ಅವುಗಳ ಕೆಲಸ. ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕಿಯನ್ನು ಹಲ್ಲು ತಾಗದಂತೆ ಹೊತ್ತು ತರಲೆಂದೇ ಈ ತಳಿಯನ್ನು ಬೆಳೆಸಿದರು, 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿ ಎಂದು ಒಪ್ಪಿಕೊಂಡಿತು. ಬಾಯಲ್ಲಿ ಏನಾದರೂ ಇಲ್ಲದಿದ್ದರೆ ಲ್ಯಾಬ್ರಡಾರಿಗೆ ಕೈ ಖಾಲಿ ಇದ್ದ ಹಾಗೆ. ಅವನದೇ ಒಂದು ಗಂಟು ಹಾಕಿದ ಹಳೆ ಟವೆಲ್ ಬಾಗಿಲ ಹತ್ತಿರ ಇಟ್ಟಿರಿ, ಬೆಲ್ ಆದಾಗ ಅದನ್ನು ಕಚ್ಚಿಸಿ. ಬಾಯಿ ತುಂಬಿದಾಗ ಬೊಗಳುವುದೂ ಕಷ್ಟ. ಮಡಿಬಟ್ಟೆ ಸಿಕ್ಕಿದ ದಿನ ಅವನ ಹಿಂದೆ ಓಡಬೇಡಿ, ಡಬ್ಬಿ ಅಲ್ಲಾಡಿಸಿ, ಚೂರು ಕೊಟ್ಟು ಬಟ್ಟೆ ಬದಲಾಯಿಸಿಕೊಳ್ಳಿ. ಮಡಿಬಟ್ಟೆಯ ಹಗ್ಗವನ್ನು ಮಹಡಿಗೆ ಏರಿಸಿ.

ಚೆಂಡಾಟದ ಬಗ್ಗೆ ನಿಮ್ಮ ಮಗನಿಗೆ ಬೇಸರವಾಗಬಹುದು, ಆದರೂ ಹೇಳಲೇಬೇಕು. ಒಂದು ಗಂಟೆ ಚೆಂಡಿನ ಹಿಂದೆ ಓಡಿದ ನಾಯಿ ದಣಿಯುವುದಕ್ಕಿಂತ ಹೆಚ್ಚಾಗಿ ಕೆರಳಿ ಮನೆಗೆ ಬರುತ್ತದೆ, ದಿನ ಕಳೆದಂತೆ ಅದರ ಕಸುವೂ ಹೆಚ್ಚುತ್ತದೆ. ಚೆಂಡು ಹತ್ತು ನಿಮಿಷ ಸಾಕು. ಮಿಕ್ಕ ಹೊತ್ತು ಉದ್ದ ಹಗ್ಗದಲ್ಲಿ ನಿಧಾನ ನಡೆಸಿ, ಎಲ್ಲಿ ಮೂಸುತ್ತಾನೋ ಅಲ್ಲಿ ನಿಂತುಕೊಳ್ಳಲಿ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50–60 ಲಕ್ಷ, ನಾಯಿಯಲ್ಲಿ 20–30 ಕೋಟಿ. ಅರ್ಧ ಗಂಟೆ ಮೂಸಿದರೆ ಅವನ ತಲೆಗೆ ಒಂದು ಪೇಪರ್ ಪೂರ್ತಿ ಓದಿದಷ್ಟು ಕೆಲಸ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಹೋಗಿಬನ್ನಿ. ಟಾರಿಗೆ ಅಂಗೈ ಹಿಂಭಾಗ ಇಟ್ಟು ನೋಡಿ, ನಿಮಗೆ ಸುಟ್ಟರೆ ಅವನಿಗೂ ಸುಡುತ್ತದೆ. ಸಂಜೆ ಏಳರ ಆ ಓಟ ಬಹುಪಾಲು ನಿದ್ದೆಗೆಟ್ಟ ಮಗುವಿನ ಹಟ. ಮಗ ಬರುವುದು, ಯಜಮಾನರು ಬರುವುದು, ಟೀವಿ, ಕುಕ್ಕರ್ ಎಲ್ಲ ಒಟ್ಟಿಗೆ. ಐದು ಗಂಟೆಗೆ ಒಂದು ಕತ್ತಲು ಕೋಣೆಯಲ್ಲಿ, ಹಳೆ ಟವೆಲ್ಲಿನ ಮಡಿಕೆಗಳಲ್ಲಿ ಅವನ ಊಟದ ಅರ್ಧ ಪಾಲನ್ನು ಸುತ್ತಿಟ್ಟು ಬಿಡಿ. ಬಿಚ್ಚಿ, ಮೂಸಿ, ನೆಕ್ಕಿ ತಿಂದು ಮಲಗುತ್ತಾನೆ. ಮೊದಲ ಕೆಲವು ಸಲ ಬಟ್ಟೆಯನ್ನೇ ನುಂಗದಂತೆ ನೋಡಿಕೊಳ್ಳಿ.

ಇನ್ನು ಬಾರಿಸುವ ಮಾತು. ‘ಯಜಮಾನ ಯಾರು’ ಎಂಬ ಈ ಲೆಕ್ಕ ಹುಟ್ಟಿದ್ದು ಬೋನಿನಲ್ಲಿ ಕೂಡಿಹಾಕಿದ್ದ ತೋಳಗಳಿಂದ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಅವುಗಳನ್ನು ನೋಡಿ 1947ರಲ್ಲಿ ಬರೆದರು. ಆ ಮಾತನ್ನು ತಮ್ಮ ಪುಸ್ತಕದಿಂದ ಜಗತ್ತಿಗೆಲ್ಲ ಹರಡಿದ ಡೇವಿಡ್ ಮೆಕ್ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಕಂಡ ಮೇಲೆ, 1999ರಲ್ಲಿ, ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳು ಇರುವ ಸಂಸಾರ, ಅಲ್ಲಿ ಪಟ್ಟಕ್ಕೆ ಬಡಿದಾಟವಿಲ್ಲ ಎಂದು ತಿದ್ದಿದರು. ಅದು ಪುಸ್ತಕದ ಮಾತು, ಬಿಡಿ. ನನ್ನ ಮಾತು ಹೇಳುತ್ತೇನೆ. ಪಾಂಡವಪುರದಲ್ಲಿ ಕೆಲಸಕ್ಕಿದ್ದ ಮೊದಲ ವರ್ಷಗಳಲ್ಲಿ ರಾಜ ಎಂಬ ನಾಯಿ ಸಾಕಿದ್ದೆ. ಊಟದ ತಟ್ಟೆಯ ಹತ್ತಿರ ಹೋದರೆ ಗುರ್ ಎನ್ನುತ್ತಿತ್ತು. ಪೇಪರ್ ಸುತ್ತಿ ಮೂತಿಗೆ ಹೊಡೆಯುತ್ತಿದ್ದೆ, ಆಗ ನಮಗೆಲ್ಲ ಗೊತ್ತಿದ್ದದ್ದು ಅದೇ. ತಿಂಗಳಲ್ಲಿ ಗುರ್ ಎನ್ನುವುದು ನಿಂತಿತು, ಪಳಗಿತು ಎಂದು ಸಂತೋಷಪಟ್ಟೆ. ಒಂದು ಭಾನುವಾರ ಐದು ವರ್ಷದ ನನ್ನ ಅಕ್ಕನ ಮಗ ತಟ್ಟೆಯ ಹತ್ತಿರ ಬಗ್ಗಿದ. ರಾಜ ಸದ್ದೇ ಮಾಡದೆ ಕೈಗೆ ಬಾಯಿ ಹಾಕಿತು, ನಾಲ್ಕು ಹೊಲಿಗೆ ಬಿತ್ತು. ಎಚ್ಚರಿಸುವ ದನಿಯನ್ನು ನಾನೇ ಹೊಡೆದು ಹೊಡೆದು ಕಿತ್ತುಹಾಕಿದ್ದೆ. ಆ ಹುಡುಗನ ಹೆಬ್ಬೆರಳ ಬುಡದಲ್ಲಿ ಇವತ್ತಿಗೂ ಗುರುತಿದೆ. ಪಶುವೈದ್ಯೆಯಾಗಿಯೂ ನನಗೆ ಅದು ತಿಳಿಯಲಿಲ್ಲವಲ್ಲ ಎಂಬ ನೋವು ಹೋಗಿಲ್ಲ. ಹಾಗಾಗಿ ಪಕ್ಕದ ಮನೆಯವರಿಗೆ ನಮಸ್ಕಾರ ಹೇಳಿ ಸುಮ್ಮನಾಗಿ.

ಈ ಪಾಠಗಳಿಗೆಲ್ಲ ಮೊದಲು ಒಮ್ಮೆ ಆಸ್ಪತ್ರೆಗೆ ಕರೆದೊಯ್ದು ಕಿವಿ ತೋರಿಸಿ. ಜೋಲುಕಿವಿಯ ನಾಯಿಗಳಿಗೆ ಕಿವಿಯೊಳಗೆ ಸೋಂಕು ಬೇಗ, ತುರಿಕೆ, ಉಣ್ಣಿ, ಹೊಟ್ಟೆಹುಳು ಇದ್ದ ನಾಯಿ ಹೇಗೆ ತಾನೇ ಸುಮ್ಮನೆ ಮಲಗೀತು? ರೇಬಿಸ್ ಲಸಿಕೆಯ ದಿನಾಂಕವನ್ನೂ ನೋಡಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಅಲ್ಲೇ ಕೇಳಿ. ಅದರಿಂದ ಅಲೆದಾಟ, ಕಂಡಲ್ಲಿ ಕಾಲೆತ್ತುವುದು ಕಡಿಮೆಯಾಗಬಹುದು, ನೆಂಟರ ಮುಂದೆ ಹೇಗಿರಬೇಕೆಂಬುದನ್ನು ಅದು ಕಲಿಸುವುದಿಲ್ಲ.

ತೋಟದ ಮನೆಯ ಬಗ್ಗೆ ಯಜಮಾನರಿಗೆ ಇಷ್ಟು ತಿಳಿಸಿ. ಮಂಡ್ಯ ಜಿಲ್ಲೆಯಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದ್ದೇನೆ. ಪೇಟೆಯಿಂದ ಹೀಗೆ ಬಂದ ಲ್ಯಾಬ್ರಡಾರ್‌ಗಳನ್ನು ಪಂಪ್‌ಸೆಟ್ ಮನೆಯ ಕಂಬಕ್ಕೆ ಕಟ್ಟಿದ್ದನ್ನು ಕಂಡಿದ್ದೇನೆ, ಮೈತುಂಬ ಉಣ್ಣಿ, ಕುತ್ತಿಗೆಯಲ್ಲಿ ಚೈನಿನ ಹುಣ್ಣು. ಸದಾ ಕಟ್ಟಿಹಾಕಿ, ಓಡಾಡಿಸದೆ ನಾಯಿ ಸಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಬ್ರೂನೊ ಈಗ ಹದಿಹರೆಯದವನು. ಮೈ ಬೆಳೆದಿದೆ, ಬುದ್ಧಿ ಇನ್ನೂ ಬೆಳೆಯುತ್ತಿದೆ. ಎರಡು ವರ್ಷ ತುಂಬುವ ಹೊತ್ತಿಗೆ ತಾನಾಗಿಯೂ ಸ್ವಲ್ಪ ತಣ್ಣಗಾಗುತ್ತಾನೆ. ನನಗೆ ಎರಡು ತಿಂಗಳು ಕೊಡಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಅದರಲ್ಲಿ ಅವನು ಮಲಗಿದ್ದ ಹೊತ್ತಿನ ಬಗ್ಗೆಯೂ ಒಂದು ಸಾಲಿರಲಿ.

ಪ್ರಶ್ನೆ: ಮೇಡಂ, ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಮಕ್ಕಳ ಓದಿಗೆಂದು ಮಂಡ್ಯದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ ಮಾಡಿದ್ದೇವೆ. ತೋಟದಲ್ಲಿ ಕಬ್ಬಿನ ಗದ್ದೆ ಕಾಯುತ್ತಿದ್ದ ನಾಲ್ಕು ವರ್ಷದ ನಾಟಿ ನಾಯಿ ಕೆಂಚಿಯನ್ನೂ ಕರೆತಂದೆವು. ಹಗಲೆಲ್ಲ ಮಲಗುತ್ತದೆ, ರಾತ್ರಿ ಹನ್ನೊಂದರಿಂದ ಬಾಗಿಲು ಕೆರೆದು ಕುಂಯ್‌ಗುಡುತ್ತದೆ. ಕೆಳಗಿನ ಮನೆಯವರು ತಕರಾರು ಮಾಡುತ್ತಿದ್ದಾರೆ.
– ಕೆ., ಮಂಡ್ಯ

ಉತ್ತರ: ಕೆಂಚಿ ತಪ್ಪು ಮಾಡುತ್ತಿಲ್ಲ ಕಣಪ್ಪ, ಕೆಲಸಕ್ಕೆ ಹೊರಡುತ್ತಿದೆ. ನಾಲ್ಕು ವರ್ಷ ಹಂದಿ, ನರಿ ಬಾರದಂತೆ ರಾತ್ರಿಯೆಲ್ಲ ಎದ್ದಿದ್ದ ಜೀವಕ್ಕೆ ಒಮ್ಮೆಲೇ ಗದ್ದೆಯೂ ಇಲ್ಲ, ಆಕಾಶವೂ ಇಲ್ಲ. ಹಗಲು ನಿದ್ದೆಯನ್ನು ನಾಲ್ಕಾರು ಕಡೆ ಮುರಿಯಿರಿ. ಸಂಜೆ ಆರಕ್ಕೊಮ್ಮೆ, ಮಲಗುವ ಮುಂಚೆ ಹತ್ತಕ್ಕೊಮ್ಮೆ ಊರಾಚೆ ತನಕ ನಡೆಸಿ ಚೆನ್ನಾಗಿ ಮೂಸಲು ಬಿಡಿ. ರಾತ್ರಿಯ ಮುದ್ದೆಯನ್ನು ಆ ನಡಿಗೆ ಆದ ಮೇಲೆ ಹಾಕಿ, ಹೊಟ್ಟೆ ತುಂಬಿದರೆ ಕಣ್ಣೂ ಎಳೆಯುತ್ತದೆ. ಮೊದಲ ಎರಡು ಮೂರು ವಾರ ಬಾಗಿಲಾಚೆ ಒಂಟಿಯಾಗಿ ಬಿಡಬೇಡಿ, ನಿಮ್ಮ ಮಂಚದ ಪಕ್ಕದಲ್ಲೇ ಮಲಗಿಸಿ. ಕುಂಯ್ ಅಂದಾಗ ಗದರದೆ ಕೈಯನ್ನು ಕೆಳಗೆ ಇಳಿಬಿಡಿ, ನೀವು ಇದ್ದೀರಿ ಎಂದು ಅದಕ್ಕೆ ಗೊತ್ತಾದರೆ ಸಾಕು. ಕೆಳಗಿನ ಮನೆಯವರಿಗೂ ಇಷ್ಟು ದಿನ ಬೇಕು ಎಂದು ನೀವೇ ಹೋಗಿ ಹೇಳಿ, ಕೈಯಲ್ಲಿ ಒಂದಿಷ್ಟು ತೋಟದ ಎಳನೀರು ಇರಲಿ. ಇನ್ನೊಂದು ಮಾತು. ತೋಟದ ಮನೆಯಲ್ಲಿ ಕೆಂಚಿ ಮಲಗುತ್ತಿದ್ದ ಗೋಣಿಚೀಲ ಅಲ್ಲೇ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಅದನ್ನು ತಂದು ಮಂಚದ ಪಕ್ಕ ಹಾಸಿ. ಮಣ್ಣಿದೆ, ವಾಸನೆ ಇದೆ ಎಂದು ಮನೆಯಲ್ಲಿ ಹೇಳುತ್ತಾರೆ. ಒಗೆಯಲು ಮಾತ್ರ ಬಿಡಬೇಡಿ.